ಶಾರದಮ್ಮನವರ ಒಂದು ಕೈ ನೀರು

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಶಾರದಮ್ಮನವರ ಗ್ರೈಂಡರ್ ಸದ್ದು ಕೇಳಿದರೆ, ಪಕ್ಕದ ಪಂಜಾಬಿ ಮನೆಯವರು ಮರುದಿನದ ಇಡ್ಲಿಗೆ ಡಬ್ಬಿ ತೊಳೆದಿಟ್ಟುಕೊಳ್ಳುತ್ತಿದ್ದರು. ಯಜಮಾನರು ನಿವೃತ್ತರಾದ ಮೇಲೆ ಮಗ ಚರಣನ ನೋಯ್ಡಾ ಫ್ಲ್ಯಾಟಿಗೆ ಅವರ ಜೊತೆ ಗ್ರೈಂಡರೂ ಬಂತು. ಈಚೆಗೆ ಮೊಣಕಾಲು ಹಿಡಿದುಕೊಂಡು, ರುಬ್ಬಿ ಮುಗಿಯುವ ತನಕ ನಿಲ್ಲಲಾಗದು. ಪ್ಯಾಕೆಟ್ ಹಿಟ್ಟು ತಂದರಾಯಿತು ಎಂದ ಚರಣ್. ಶಾರದಮ್ಮ ಆ ಹಿಟ್ಟಿನ ದೋಸೆಯನ್ನು ಅರ್ಧಕ್ಕೇ ಬಿಟ್ಟೆದ್ದರು.

ಸೊಸೆ ಸಂಯುಕ್ತಾಳ ಕೆಲಸವೇ ಮೋಟಾರು ನಡೆಸುವ ಸರ್ಕ್ಯೂಟು ಮಾಡುವುದು. ಮಗು ಕೃತಿ ಮಲಗಿದಾಗಲೆಲ್ಲ ಕೂತು, ಹಳೆಯ ಗ್ರೈಂಡರಿಗೆ ಪುಟ್ಟ ಬೋರ್ಡು, ನೀರಿನ ಪಂಪು ಜೋಡಿಸಿದಳು. ಹಿಟ್ಟು ಗಟ್ಟಿಯಾಗಿ ಮೋಟಾರಿಗೆ ಭಾರವಾದರೆ ಪಂಪು ನೀರು ಬಿಡುತ್ತದೆ. ಹದ ಬಂದಾಗ ಗ್ರೈಂಡರ್ ತಾನೇ ನಿಲ್ಲುತ್ತದೆ. ಇನ್ನು ಆರಾಮಾಗಿ ಕೂತಿರಿ ಎಂದು ಅತ್ತೆಗೆ ಪಕ್ಕದಲ್ಲೇ ಸ್ಟೂಲು ಹಾಕಿದಳು.

ಕೂತಿರುವುದೇ ಶಾರದಮ್ಮನವರಿಗೆ ಬಾರದ ಕೆಲಸ. ಕಲ್ಲಿನ ಸದ್ದು ಕೊಂಚ ಬಿಗಿಯಾದರೆ ಸಾಕು, ಕೈ ಚೊಂಬಿಗೆ ಹೋಗುತ್ತಿತ್ತು. ಸೊಸೆ ಅತ್ತ ತಿರುಗಿದಾಗ ಒಂದು ಕೈ ನೀರು ಚಿಮುಕಿಸುವರು. ಅದೇ ಗಳಿಗೆಗೆ ಪಂಪೂ ತನ್ನ ಪಾಲು ಸುರಿಯುವುದು. ಹಿಟ್ಟು ನೀರಾಗಿ, ಇಡ್ಲಿ ಚಪ್ಪಟೆಯಾಗಿ ತಟ್ಟೆಗೆ ಅಂಟಿತು. ಮುಂದಿನ ಭಾನುವಾರವೂ ಅದೇ ಕಥೆ. ತನ್ನದೇ ಲೆಕ್ಕ ತಪ್ಪಿದೆಯೆಂದು ಸಂಯುಕ್ತಾ ಸಪ್ಪಗೆ ಬೋರ್ಡು ಬಿಚ್ಚತೊಡಗಿದಳು.

"ಚಲೋ, ಪ್ಯಾಕೆಟ್ಟೇ ಗತಿ," ಎಂದು ಚರಣ್ ನಕ್ಕ.

ಶಾರದಮ್ಮ ಚೊಂಬನ್ನು ಮೆಲ್ಲಗೆ ದೂರ ಸರಿಸಿದರು. ಹೇಳಿದರೆ ಅಡುಗೆಮನೆಗೇ ಬರಬೇಡಿ ಅಂದಾರು. ಸುಮ್ಮನಿದ್ದರೆ ಗ್ರೈಂಡರೇ ಮೂಲೆ ಸೇರುತ್ತದೆ. ಜೊತೆಗೆ ಸೊಸೆಯ ಮುಖ ಬೇರೆ ನೋಡಲಾಗದು.

"ಬೋರ್ಡ್ ಸರಿಯಾಗೇ ಇದೆ ಕಣೇ," ಎಂದರು. "ನಾನೇ ನೀರು ಹಾಕ್ತಿದ್ದೆ. ಆ ಸದ್ದು ಕೇಳ್ತಾ ಕೈ ಕಟ್ಕೊಂಡು ಕೂರಕ್ಕೆ ಆಗಲ್ಲ ನಂಗೆ."

ಸಂಯುಕ್ತಾ ಸ್ಕ್ರೂಡ್ರೈವರ್ ಹಿಡಿದೇ ಅತ್ತೆಯನ್ನು ನೋಡಿದಳು, ಆಮೇಲೆ ಪಂಪನ್ನು.

"ಅಚ್ಛಾ. ಹಾಗಾದ್ರೆ ನಿಮ್ಮಿಬ್ಬರಲ್ಲಿ ಪಂಪಿಗೇ ರಿಟೈರ್‌ಮೆಂಟ್ ಕೊಡೋಣ ಅತ್ತೆ."

ಈಗ ಹಿಟ್ಟು ಗಟ್ಟಿಯಾದರೆ ಗ್ರೈಂಡರ್ ಬೀಪ್ ಎಂದು ಕೂಗಿ, ನಿಂತು ಕಾಯುತ್ತದೆ. "ಬಂದೆ ತಡಿಯೋ, ಏನವಸರ ನಿಂಗೆ," ಎಂದು ಗದರುತ್ತ ಶಾರದಮ್ಮ ಸ್ಟೂಲು ಬಿಟ್ಟೇಳುತ್ತಾರೆ. ಎಷ್ಟೋ ಸಲ ಅದು ಕೂಗುವ ಮೊದಲೇ ಅವರ ಕೈ ಒದ್ದೆಯಾಗಿರುತ್ತದೆ.