ಕಮಲಾಪುರದಿಂದ ತಮ್ಮನನ್ನು ಕರೆತಂದದ್ದು

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟೆ. ದೂರ ಮೂವತ್ತೈದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರಾಯಿತು. ಕಮಲಾಪುರದ ಗುಡಿಯೊಂದರಲ್ಲಿ ಅರ್ಚಕನಾಗಿರುವ ನನ್ನ ತಮ್ಮ ಶ್ರೀನಿವಾಸ ಹಿಂದಿನ ದಿನ ಫೋನ್ ಮಾಡಿ, "ಕೆಂಪು ಬಾಳಿಹಣ್ಣು ಛಲೋ ಬಂದಾವ, ಬಂದು ಒಯ್ಯಿ ಅಕ್ಕಾ" ಎಂದಿದ್ದ. ಗಣಿತ ಕಲಿಸಿ ನಿವೃತ್ತಳಾದ ನನಗೆ ಬೇರೆ ಕೆಲಸವಿರಲಿಲ್ಲ. ಖೂಬಾ ಪ್ಲಾಟ್ ಬಡಾವಣೆಯ ಮನೆಗೆ ಬೀಗ ಹಾಕಿ, ಎರಡು ಖಾಲಿ ಚೀಲ ಹಿಡಿದು ಹೋದೆ.

ಒಂಬತ್ತೂವರೆ ಎನ್ನುವಾಗಲೇ ಬಿಸಿಲು ಸುಡುತ್ತಿತ್ತು. ಸೀನ ಬಾಗಿಲಿಗೆ ಬಂದಾಗ ಬಾಯಲ್ಲಿ ಅರಳೆ ಇಟ್ಟುಕೊಂಡಿದ್ದ. ವಸಡಿನಿಂದ ರಕ್ತ ಬರುತ್ತಿದೆ, ಹಲ್ಲಿನದೇನೋ ತೊಂದರೆ ಎಂದ. ಅವನ ಹೆಂಡತಿ ವೈದೇಹಿ ಮಂಡಕ್ಕಿಯ ಸುಸಲಾ ತಂದಿಟ್ಟು, "ಆರು ದಿನ ಆತ್ರಿ ಅಕ್ಕಾರ. ಬ್ರಶ್ ಎಲ್ಲಾ ಕೆಂಪಗ ಆಗ್ತದ" ಎಂದಳು. ಅವನ ಮುಂಗೈಯಲ್ಲಿ ಅಂಗೈಯಗಲ ನೀಲಿ ಕಲೆ ಕಂಡಿತು. ಎಲ್ಲಿ ತಾಗಿತೋ ಅವನಿಗೇ ನೆನಪಿರಲಿಲ್ಲ.

"ಶುಕ್ರವಾರ ಒಂದು ಲಗ್ನ ಮಾಡಿಸೋದದ. ಅದು ಮುಗೀಲಿ, ಶನಿವಾರ ಕಲಬುರಗಿಗೆ ಬಂದು ತೋರಿಸ್ತೀನಿ" ಎಂದ ಸೀನ.

"ಆಗ್ಲಿ, ಶನಿವಾರ ಬಾ" ಎಂದೆ. ಈ ಮಾತು ಆಡಿದವಳು ನಾನೇ. ಯಾರ ಮೇಲೂ ಹಾಕುವಂತಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಮೂಗಿನಿಂದ ರಕ್ತ ಸುರಿಯತೊಡಗಿತು. ತಲೆ ಮುಂದಕ್ಕೆ ಬಾಗಿಸಿ ಮೂಗು ಒತ್ತಿ ಹಿಡಿಸಿದೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು, ನಿಲ್ಲಲಿಲ್ಲ. ಧೋತರ ಮೇಲೆ ಸರಿದಾಗ ಅವನ ಮೊಣಕಾಲ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ನೂರಾರು ಕಂಡವು. ಹಣ್ಣನ್ನೂ ಚೀಲವನ್ನೂ ಅಲ್ಲೇ ಬಿಟ್ಟು, ಅವನನ್ನು ಮೂರು ಗಂಟೆಯ ಬಸ್ಸಿಗೆ ಹತ್ತಿಸಿದೆ. ಮಗಳು ಶಾಲೆಯಿಂದ ಬರಬೇಕಿದ್ದುದರಿಂದ ವೈದೇಹಿ ಉಳಿದಳು.

ಬಸ್ಸಿನಲ್ಲಿ ಸೀನ ಒಂದು ಟವೆಲು ತೋಯಿಸಿದ. ಕಂಡಕ್ಟರ್ ಬಂದು ನೋಡಿ ಅವನಿಗೆ ಟಿಕೆಟ್ ಹರಿಯುವುದನ್ನೇ ಮರೆತ. ತನ್ನ ಹೆಗಲ ಮೇಲಿನ ಟವೆಲು ಕೊಟ್ಟು ಡ್ರೈವರಿಗೆ ಕೂಗಿ ಹೇಳಿದ: "ಮಸ್ತಾನ್ ಭಾಯಿ, ದವಾಖಾನಿ ಮುಂದ ನಿಲ್ಲಸ್ರಿ. ನಡುವ ಎಲ್ಲೂ ಬ್ಯಾಡ." ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲುವ ಬಸ್ಸು ಅಂದು ನಿಲ್ಲಲಿಲ್ಲ. ಒಬ್ಬರೂ ತಕರಾರು ಮಾಡಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆ ತುರುಕಿ, ರಕ್ತ ತೆಗೆದುಕೊಂಡು ಹೋದರು. ಸಂಜೆ ಆರಕ್ಕೆ ಡಾಕ್ಟರ್ ಫರ್ಹಾನಾ ಎಂಬವರು ನನ್ನನ್ನು ಒಳಗೆ ಕರೆದರು. ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸು. "ಕೂಡ್ರಿ ಅಮ್ಮಾ" ಎಂದು ಕುರ್ಚಿ ಸರಿಸಿ, ನೇರವಾಗಿ ಹೇಳಿದರು: "ನಿಮ್ಮ ತಮ್ಮಗ ರಕ್ತದ ಕ್ಯಾನ್ಸರ್ ಅದ."

ನಲವತ್ತನಾಲ್ಕು ವರ್ಷ, ಬೀಡಿ ಇಲ್ಲ, ತಂಬಾಕಿಲ್ಲ, ಏಕಾದಶಿಗೆ ನೀರು ಸಹ ಮುಟ್ಟದವನು. ಇವನ್ನೆಲ್ಲ ನಾನು ವಕೀಲಳಂತೆ ಹೇಳುತ್ತ ಹೋದೆ. ಅವರು ತಡೆಯದೆ ಕೇಳಿಸಿಕೊಂಡು, ಕಾಗದದ ಮೇಲೆ ಒಂದು ಎಲುಬಿನ ಚಿತ್ರ ಬರೆದರು. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟಿ ಬಲಿತು ಹೊರಬರುತ್ತವೆ. ಸೀನನಲ್ಲಿ ಒಂದು ಜಾತಿಯ ಬಿಳಿಕಣ ಅರ್ಧ ಬೆಳೆದು ನಿಂತುಬಿಟ್ಟಿದೆ. ಬಲಿಯುವುದಿಲ್ಲ, ಆದರೆ ಹೆಚ್ಚುತ್ತಲೇ ಹೋಗುತ್ತದೆ, ಉಳಿದ ಕಣಗಳಿಗೆ ಜಾಗವಿಲ್ಲ. ಅದರ ಜೊತೆಗೆ ರಕ್ತ ಹೆಪ್ಪುಗಟ್ಟುವುದನ್ನೂ ಕೆಡಿಸುತ್ತದೆ.

"ರಕ್ತದ ಕ್ಯಾನ್ಸರಿನ್ಯಾಗ ಭಾಳ ನಮೂನಿ ಅವ. ಇದು ಎಲ್ಲಕ್ಕಿಂತ ಜಲ್ದಿ ಜೀವ ತೆಗೀತದ, ತಲ್ಯಾಗ ರಕ್ತಸ್ರಾವ ಆಗಿ" ಎಂದರು. "ಮೊದಲಿನ ಕೆಲವು ವಾರ ದಾಟಿದ್ರ ಎಲ್ಲಕ್ಕಿಂತ ಛಲೋ ಗುಣ ಆಗೋದೂ ಇದೇ. ಎಲುಬಿನ ಪರೀಕ್ಷಾ ನಾಳೆ ಮಾಡ್ತೀವಿ. ಗುಳಿಗಿ ಮಾತ್ರ ಈಗೇ ಚಾಲೂ."

"ಶನಿವಾರ ಬಂದಿದ್ರ?" ಎಂದು ಕೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಶನಿವಾರದ ವಿಚಾರ ಬಿಡ್ರಿ ಅಮ್ಮಾ."

ಮರುದಿನ ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ರೋಗ ಅದೇ ಎಂದು ಖಾತ್ರಿಯಾದ ಮೇಲೆ ಡಾಕ್ಟರು ಸೀನನ ಮಂಚದ ಪಕ್ಕದಲ್ಲಿ ಕೂತು ಔಷಧಿ ವಿವರಿಸಿದರು. ಗುಳಿಗೆ ಎ ಜೀವಸತ್ವದ ಬಳಗದ್ದು, ನಿಂತುಹೋದ ಕಣಗಳನ್ನು ಬಲಿಯುವಂತೆ ಮಾಡುತ್ತದೆ. ಅದರ ಜೊತೆಗೆ ದಿನಾಲೂ ಸಲೈನಿನಲ್ಲಿ ಆರ್ಸೆನಿಕ್.

ಸೀನ ಸಂಸ್ಕೃತ, ಆಯುರ್ವೇದ ಸ್ವಲ್ಪ ಓದಿಕೊಂಡವನು. "ಆರ್ಸೆನಿಕ್ ಅಂದ್ರ ಪಾಷಾಣ ಅಲ್ಲೇನ್ರಿ? ಇಲಿಗೆ ಹಾಕೋದು?"

"ಹೌದ್ರಿ, ಅದೇ. ಶುದ್ಧ ಮಾಡಿ, ನಿಮ್ಮ ತೂಕಕ್ಕ ಅಳತಿ ಮಾಡಿ ಕೊಡ್ತೀವಿ. ಹೃದಯದ ಇಸಿಜಿ ತೆಗೀತಿರ್ತೀವಿ. ನಿಮ್ಮಷ್ಟಕ್ಕ ನೀವು ತಗೊಂಡ್ರ ಅದು ವಿಷಾನೇ."

ಅವನು ನನ್ನ ಕಡೆ ತಿರುಗಿ, "ನೀ ಏನಂತಿ ಅಕ್ಕಾ?" ಎಂದ. ಶನಿವಾರ ಬಾ ಎಂದ ಬಾಯಿಂದ ಇನ್ನೊಂದು ಸಲಹೆ ಕೊಡಲು ಧೈರ್ಯವಿರಲಿಲ್ಲ. "ನನ್ನ ಕೇಳಬ್ಯಾಡೋ. ಅವರಿಗೆ ಗೊತ್ತದ" ಎಂದೆ. ಅವನು ಸಲೈನಿಗೆ ಕೈ ಚಾಚಿದ.

ಒಂಬತ್ತನೇ ದಿನ ಮುಖ ಊದಿ, ಉಸಿರು ಕಟ್ಟತೊಡಗಿತು. ಕಣಗಳು ಒಮ್ಮೆಲೇ ಬಲಿಯುವಾಗ ಹೀಗಾಗುವುದುಂಟಂತೆ. ಔಷಧಿ ಕೆಲ ದಿನ ನಿಲ್ಲಿಸಿ ಬೇರೆ ಇಂಜೆಕ್ಷನ್ ಕೊಟ್ಟರು. ಆ ಎರಡು ದಿನ ವೈದೇಹಿ ಒಂದು ಕಡೆ, ನಾನು ಒಂದು ಕಡೆ ಮಂಚ ಹಿಡಿದು ಕೂತಿದ್ದೆವು. ಪ್ಲೇಟ್‌ಲೆಟ್‌ನ ಹಳದಿ ಚೀಲಗಳು ಒಂದರ ಹಿಂದೊಂದು ಬಂದವು. ಮಡಿಯಲ್ಲದೆ ನೀರು ಮುಟ್ಟದ ನನ್ನ ತಮ್ಮನೊಳಗೆ ಯಾರ ಯಾರ ರಕ್ತ ಇಳಿಯಿತೋ. ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಐದು ವಾರದ ಮೇಲೆ ಮತ್ತೊಮ್ಮೆ ಮಜ್ಜೆ ಪರೀಕ್ಷಿಸಿದರು. ಆ ಕೆಟ್ಟ ಕಣ ಕಾಣುತ್ತಿಲ್ಲ ಎಂದರು ಡಾಕ್ಟರು. ಇಲ್ಲಿಗೆ ಮುಗಿಯಲಿಲ್ಲ, ಇನ್ನೂ ಹಲವು ತಿಂಗಳು ಸರದಿಯಂತೆ ಔಷಧಿಗೆ ಬರಬೇಕು ಎಂದೂ ಹೇಳಿದರು. ಬಾಡಿಗೆ ಕಾರಿನಲ್ಲಿ ಅವನನ್ನು ಕಮಲಾಪುರಕ್ಕೆ ಕರೆದೊಯ್ದೆವು. ಓಣಿಯ ಜನ ದೂರದಲ್ಲಿ ನಿಂತು ಕೈಮುಗಿದರು. ಮಾಸ್ಕ್ ಹಾಕಿದ್ದ ಸೀನ ಹೊಸ್ತಿಲ ಮೇಲೆ ಕೂತು, ಮಗಳ ಶಾಲೆಯ ಮಾರ್ಕ್ಸ್ ಕಾರ್ಡ್ ತರಿಸಿ ಓದಿದ.

ಸಂಜೆ ನಾನೊಬ್ಬಳೇ ಬಸ್ಸು ಹತ್ತಿದೆ. ಐದು ವಾರದಲ್ಲಿ ಒಮ್ಮೆಯೂ ಅತ್ತಿರಲಿಲ್ಲ. ಊರು ದಾಟುತ್ತಲೇ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು, "ಯಾರು ತೀರಕೊಂಡ್ರಿ ಅಕ್ಕಾರ?"

"ಯಾರೂ ಇಲ್ಲವ್ವಾ. ನಮ್ಮ ತಮ್ಮ ಉಳದಾನ" ಎಂದೆ.

ಅವಳಿಗೆ ಅರ್ಥವಾಗಲಿಲ್ಲವೇನೋ, ಕೈ ಮಾತ್ರ ತೆಗೆಯಲಿಲ್ಲ. ಕಲಬುರಗಿ ಬರುವವರೆಗೂ ಹಾಗೇ ಕೂತಿದ್ದಳು.