ಚಿಲಕ ಹಾಕಿದ ಬಚ್ಚಲಲ್ಲಿ ಪರೀಕ್ಷೆ

ದರ್ಜಿಯ ಮಗಳೂ ಅವಳ ತಮ್ಮನೂ ಒಂದೇ ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಓದುತ್ತಿದ್ದರು. ಮನೆಗಿದ್ದ ಒಂದೇ ಕೋಣೆ ತಮ್ಮನ ಪಾಲಾಗಿತ್ತು; ಅಕ್ಕ ಒಲೆಯ ಪಕ್ಕ, ಹಾಸಿಗೆ ಹಿಡಿದ ಅಜ್ಜಿಯ ಕಣ್ಣಳತೆಯಲ್ಲೇ ಕೂರಬೇಕಿತ್ತು. ಕೊನೆಯ ಮೌಖಿಕ ಪರೀಕ್ಷೆಯ ದಿನ ಅವಳು ಫೋನ್ ಹಿಡಿದು ಬಚ್ಚಲು ಹೊಕ್ಕು ಚಿಲಕ ಹಾಕಿಕೊಂಡಳು. ಎರಡನೇ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಬಾಗಿಲು ಬಡಿದಳು.

"ಅಜ್ಜಿ ಹಾಸಿಗೆಯಿಂದ ಬಿದ್ದಿದಾರೆ. ನಿನ್ ತಮ್ಮಂಗೆ ಕ್ಲಾಸಿದೆ, ನೀನೇ ಬಾರೇ."

ಅಜ್ಜಿಯನ್ನು ಎತ್ತಿ ಮಲಗಿಸಿ ಬರುವ ಹೊತ್ತಿಗೆ ನಡುವೆ ಎದ್ದು ಹೋದಳೆಂದು ಅವಳ ಹೆಸರಿನ ಮುಂದೆ ಗೈರು ಬಿದ್ದಿತ್ತು. ಎಷ್ಟು ಗೋಗರೆದರೂ ಪರೀಕ್ಷೆ ನಡೆಸುತ್ತಿದ್ದ ಮೇಷ್ಟ್ರು, "ನಿಯಮ ಅಂದ್ರೆ ನಿಯಮ ಕಣಮ್ಮ" ಎಂದರು.

ಮರುದಿನ, ಆನ್‌ಲೈನ್ ಕಲಿಕೆ ತೃಪ್ತಿ ತಂದಿತೇ ಎಂಬ ಪ್ರಶ್ನಾವಳಿ ಇಬ್ಬರಿಗೂ ಬಂತು.

"ನಂಗಂತೂ ಆರಾಮಾಗಿತ್ತು" ಎಂದು ತಮ್ಮ ಕೂಡಲೇ ತುಂಬಿದ. ಅಕ್ಕನಿಗೆ ಕೈ ಏಳಲಿಲ್ಲ. ವರ್ಷವೇ ನೀರುಪಾಲಾಗಿತ್ತು, ಮತ್ತೆ ಓದಿಸುತ್ತೇವೆಂದು ಮನೆಯಲ್ಲಿ ಯಾರೂ ಹೇಳಲಿಲ್ಲ.