ನಂಜಕ್ಕ ಸಾಯಿಸಿದ ಮಂತ್ರಿ

ನಂಜಕ್ಕನ ಕಾದಂಬರಿಯಲ್ಲಿ ರಾಜ ಬಾಯಿ ತೆರೆದರೂ ಮೊದಲು ಕೇಳಿಸುವುದು ಗಾಳಿ. ಚಹಾ ತೋಟದಲ್ಲಿ ಎಲೆ ಕೊಯ್ಯುತ್ತಲೇ ಅವಳು ಕತೆಯನ್ನು ಫೋನಿಗೆ ಹೇಳಿ ಕಳಿಸುತ್ತಿದ್ದಳು. ಊಟಿಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಅದನ್ನು ಟೈಪು ಮಾಡುವುದು ಗುಂಡ್ಲುಪೇಟೆಯವನಾದ ನನ್ನ ಪಾಡು.

"ನಾ ಓದಿದ್ದು ತಮಿಳು. ಕತೆ ಬರೋದು ಈ ಬೆಟ್ಟದ ನಮ್ಮ ಬಡಗರ ಮಾತಲ್ಲಿ. ಅದಕ್ಕೆ ಒಡಹುಟ್ಟು ಅಂದ್ರೆ ನಿನ್ನ ಕನ್ನಡವೇ ಅಣ್ಣಾ," ಎನ್ನುತ್ತಿದ್ದಳು. ಐವತ್ತು ದಾಟಿದವಳಿಗೆ ನಾನು ಅಣ್ಣನಂತೆ!

ಹರೆಯದ ಮಕ್ಕಳಿಗೆಂದು ಕಟ್ಟಿದ ಕತೆ. ಮಂಜು ಕವಿದ ಬೆಟ್ಟಗಳ ಒಂದು ರಾಜ್ಯ. ಅಲ್ಲಿ ಸತ್ತವರ ಪಾಪ ಹೇಳುವ ಹಕ್ಕು ಕೆಂಪಿ ಎಂಬ ಹುಡುಗಿಯ ಮನೆತನದ್ದು. ಹೇಳದಿದ್ದರೆ ಜೀವ ಆಚೆ ದಾಟದು. ಮಂತ್ರಿ ದೇವರ ಹೆಸರು ಹೇಳಿ ತನ್ನ ವೈರಿಗಳ ಪಾಪ ಹೇಳಗೊಡದೆ ಹೆಣಗಳನ್ನು ಅಂಗಳದಲ್ಲೇ ತಡೆದಿಡುತ್ತಾನೆ, ಮನೆಯವರು ಕಾಲಿಗೆ ಬೀಳುವ ತನಕ. ಎದುರು ನಿಂತ ಕೆಂಪಿಯ ತಾಯಿಗೆ ವಿಷ ಹಾಕಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವನೇ ಸತ್ತ.

"ಬಿದ್ದಿರಲಿ ಬಿಡಕ್ಕಾ, ಹಾಳಾಗಿ ಹೋಗಲಿ!" ಎಂದೆ.

"ಹೋಗಲ್ವಲ್ಲ ಅಣ್ಣಾ, ಅದೇ ಕಷ್ಟ. ಇವಳು ಪಾಪ ಹೇಳದಿದ್ರೆ ಅವನು ಇವಳ ಬಾಗಿಲಲ್ಲೇ ಇರ್ತಾನೆ. ಹೇಳ್ಸೋಣ ಅಂದ್ರೆ ಹುಡುಗಿಗೆ ಬಾಯೇ ಬರ್ತಿಲ್ಲ."

"ಕತೆ ಕಟ್ಟೋಳು ನೀನಲ್ವೇನಕ್ಕಾ?"

"ಕಟ್ಟೋಳು ನಾನೇ. ಅಮ್ಮನ್ನ ಕಳ್ಕೊಂಡೋಳು ಅವಳು."

ಅಷ್ಟರಲ್ಲಿ ನಂಜಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕುನ್ನೂರಿನ ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಮುಖದಲ್ಲಿ ಕಣ್ಣುಗಳಷ್ಟೇ ಉಳಿದಿದ್ದವು. ನಾನು ಕಿತ್ತಳೆ ಸುಲಿಯುತ್ತಾ ತಲೆ ತಗ್ಗಿಸಿ ಕೂತೆ.

"ಚಹಾದ ಲೀಫ್ ಹೊತ್ತ ಬೆನ್ನಿಗೆ ಹಾಸಿಗೆ ಒಗ್ಗಲ್ಲ ಅಣ್ಣಾ," ಎಂದು ಅವಳೇ ನಕ್ಕಳು. "ಕೆಂಪಿಗೆ ಮಾತ್ರ ಅವಸರ ಮಾಡ್ಬೇಡ. ನಮ್ಮೂರ ಹಟ್ಟಿಗೆ ಹೋಗಿ ಮುಂದಿಂದು ಹೇಳ್ತೀನಿ."

ಹಟ್ಟಿಗೆ ಅವಳ ಹೆಣ ಹೋಯಿತು. ಊರ ಬಯಲಲ್ಲಿ ಮಲಗಿಸಿದ್ದರು. ಹಿರಿಯರೊಬ್ಬರು ಪಾಪ ಹೇಳತೊಡಗಿದರು. ಬಡಗರಲ್ಲಿ ಯಾರು ಸತ್ತರೂ, ಮಾಡಿರಲಿ ಬಿಡಲಿ, ಅದೇ ಪಾಪಗಳನ್ನು ಹೇಳಿಯೇ ಕಳಿಸಿಕೊಡುವುದು. ಗಡಿಕಲ್ಲು ಸರಿಸಿದ್ದು, ದಾರಿ ಕೇಳಿದವರಿಗೆ ತಪ್ಪುದಾರಿ ತೋರಿಸಿದ್ದು, ಹಸಿದು ಬಂದವರಿಗೆ ಬಾಗಿಲು ಹಾಕಿದ್ದು. ಒಂದೊಂದಕ್ಕೂ ನೆರೆದವರೆಲ್ಲ "ಪಾಪ" ಎನ್ನುತ್ತಿದ್ದರು. ನನಗೆ ಸಿಟ್ಟು ಉಕ್ಕಿತು. ನಮ್ಮ ನಂಜಕ್ಕನೇ? ತಾನು ಉಪವಾಸ ಬಿದ್ದಾಳು, ಬಾಗಿಲು ಹಾಕಿಯಾಳೇ? ತುಟಿ ಬಿಗಿದು ನಿಂತೆ.

ಪಕ್ಕದಲ್ಲಿದ್ದ ಮುದುಕಿ ಮೊಣಕೈಯಿಂದ ತಿವಿದಳು. "ಹೇಳಪ್ಪಾ. ನೀ ಹಿಡ್ಕೊಂಡ್ರೆ ಅವಳು ದಾಟೋದು ಹೆಂಗೆ?"

ನನ್ನ ಸಿಟ್ಟು ಬರೀ ನೆಪ. ಹೇಳಿದರೆ ಅವಳು ಹೋಗಿಬಿಡುತ್ತಾಳಲ್ಲ, ಅದು ನನಗೆ ಬೇಡವಾಗಿತ್ತು. ಹಿರಿಯರು ಮುಂದಿನ ಪಾಪ ಹೇಳಿದರು. ಎಲ್ಲರೊಡನೆ ನಾನೂ "ಪಾಪ" ಎಂದೆ. ಆಮೇಲೆ ಅಳು ತಡೆಯಲಾಗಲಿಲ್ಲ.

ನಂಜಕ್ಕ ದಾಟಿದಳು. ಅಂಗಡಿಯ ಕಂಪ್ಯೂಟರಿನಲ್ಲಿ ಮಂತ್ರಿಯ ಹೆಣ ಇನ್ನೂ ಅಂಗಳದಲ್ಲೇ ಇದೆ. ಕೆಂಪಿ ಅದರೆದುರು ನಿಂತಿದ್ದಾಳೆ. ಅವಳಿಗೆ ನಾನು ಅವಸರ ಮಾಡುವುದಿಲ್ಲ.